ಹಡಗು ಹತ್ತುವ ಮೊದಲು ಸ್ಕೂಟರಿನ ಚಾರ್ಜರ್ ತಿರುಗಿಸಿ ನೋಡಿ

ಸಂಪಾದಕರೇ,

ಹೆಚ್ಚು ದೂರ ನಡೆಯಲಾಗದ ಹಿರಿಯರಿಗೆ ವಿಹಾರ ಹಡಗಿನ ಪ್ರವಾಸ ಚೆನ್ನಾಗಿ ಒಗ್ಗುತ್ತದೆ. ದಿನಕ್ಕೊಂದು ಹೋಟೆಲು ಬದಲಿಸಬೇಕಿಲ್ಲ, ಗಂಟೆಗಟ್ಟಲೆ ಬಸ್ಸಿನಲ್ಲಿ ಕೂರಬೇಕಿಲ್ಲ, ಒಂದು ಮಹಡಿಯಿಂದ ಇನ್ನೊಂದಕ್ಕೆ ಲಿಫ್ಟು ಇರುತ್ತದೆ. ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋದ ತಂದೆತಾಯಿ ಅಲ್ಲಿಂದ ಅಲಾಸ್ಕಾಕ್ಕೋ ಕೆರಿಬಿಯನ್ ದ್ವೀಪಗಳಿಗೋ ಹೋಗಿಬರುತ್ತಾರೆ. ಇಲ್ಲಿಂದ ಸಿಂಗಪುರಕ್ಕೆ ಹಾರಿ ಅಲ್ಲಿ ಹಡಗು ಹತ್ತುವವರೂ ಇದ್ದಾರೆ. ಜತೆಗೆ ಮೊಬಿಲಿಟಿ ಸ್ಕೂಟರ್ ಹೋಗುತ್ತದೆ, ಅಂದರೆ ಕೂತು ಹ್ಯಾಂಡಲ್ ಹಿಡಿದು ಓಡಿಸುವ ಮೂರು ಅಥವಾ ನಾಲ್ಕು ಚಕ್ರದ ಬ್ಯಾಟರಿ ಗಾಡಿ. ಪ್ರವಾಸ ಪುರವಣಿಗಳಲ್ಲಿ ವೀಸಾ, ಊಟ, ಬಟ್ಟೆಬರೆಯ ಬಗ್ಗೆ ಬೇಕಾದಷ್ಟು ಬರುತ್ತದೆ. ಈ ಗಾಡಿಯನ್ನು ಹಡಗಿನಲ್ಲಿ ಚಾರ್ಜ್ ಮಾಡುವುದು ಹೇಗೆಂದು ಕನ್ನಡದಲ್ಲಿ ಹೇಳುವವರು ಕಡಿಮೆ. ಬ್ಯಾಟರಿ ಇಳಿದ ಸ್ಕೂಟರನ್ನು ತಳ್ಳಿಕೊಂಡು ತಿರುಗಲಾಗದು. ಅದನ್ನೇ ನಂಬಿ ಹೊರಟ ಹಿರಿಯರು ಕ್ಯಾಬಿನ್ನಿನಲ್ಲೇ ಉಳಿಯಬೇಕಾಗುತ್ತದೆ. ಹೀಗಾಗುವ ಕಾರಣಗಳಲ್ಲಿ ಹೆಚ್ಚಿನವು ಮನೆಯಲ್ಲೇ, ಹೊರಡುವ ಮೊದಲೇ ಸರಿಪಡಿಸಬಹುದಾದವು ಎಂಬುದಕ್ಕಾಗಿ ಈ ಪತ್ರ ಬರೆಯುತ್ತಿದ್ದೇವೆ.

ಮೊದಲು ಚಾರ್ಜರನ್ನು ತಿರುಗಿಸಿ ಅದರ ಮೇಲಿನ ಚೀಟಿ ಓದಿ. ‘ಇನ್‌ಪುಟ್’ ಎಂದಿರುವಲ್ಲಿ 100–240 ವೋಲ್ಟ್, 50/60 ಹರ್ಟ್ಜ್ ಎಂದಿದ್ದರೆ ಅರ್ಧ ಚಿಂತೆ ಕಳೆಯಿತು. ಬಹಳಷ್ಟು ಹಡಗುಗಳ ಕ್ಯಾಬಿನ್ನಿನಲ್ಲಿ ಎರಡು ಬಗೆಯ ಪ್ಲಗ್ ಪಾಯಿಂಟ್ ಇರುತ್ತವೆ. ಒಂದು ಅಮೆರಿಕದ ಚಪ್ಪಟೆ ಪಿನ್ನಿನದು, 110 ವೋಲ್ಟ್. ಇನ್ನೊಂದು ಯುರೋಪಿನ ಎರಡು ಗುಂಡು ಪಿನ್ನಿನದು, 220 ವೋಲ್ಟ್. ಬ್ರಿಟನ್ನಿನ ಪ್ರಯಾಣಿಕರಿಗಾಗಿ ಓಡುವ ಕೆಲವು ಹಡಗುಗಳಲ್ಲಿ ಅಲ್ಲಿನ ದಪ್ಪ ಮೂರು ಪಿನ್ನಿನ ಪಾಯಿಂಟೂ ಸಿಗುತ್ತದೆ. ನಮ್ಮ ಮನೆಯ ಮೂರು ಗುಂಡು ಪಿನ್ನಿನ ಪ್ಲಗ್ ಇವುಗಳಲ್ಲಿ ಯಾವುದಕ್ಕೂ ಕೂರುವುದಿಲ್ಲ.

ಚೀಟಿಯಲ್ಲಿ 220–240 ವೋಲ್ಟ್ ಮಾತ್ರ ಇದ್ದರೆ ಆ ಚಾರ್ಜರ್ ಅಮೆರಿಕದ ಪಾಯಿಂಟಿನಲ್ಲಿ ಕೆಲಸ ಮಾಡದು. ದೀಪವೇ ಹತ್ತದಿರಬಹುದು, ಅಥವಾ ಹತ್ತಿ ರಾತ್ರಿಯೆಲ್ಲ ಉರಿದರೂ ಬ್ಯಾಟರಿ ತುಂಬದಿರಬಹುದು. ಹೀಗೆ ಹತ್ತಿ ಉರಿಯುವುದು ಹೆಚ್ಚು ಮೋಸ, ಏಕೆಂದರೆ ಚಾರ್ಜ್ ಆಗಿದೆ ಎಂದುಕೊಂಡು ಬೆಳಿಗ್ಗೆ ಹೊರಟುಬಿಡುತ್ತಾರೆ. ಅಮೆರಿಕದಲ್ಲೇ ಕೊಂಡ, 115 ವೋಲ್ಟಿಗೆ ಮಾತ್ರ ಮಾಡಿದ ಚಾರ್ಜರನ್ನು 220ಕ್ಕೆ ಹಾಕಿದರೆ ಅದು ಕ್ಷಣದಲ್ಲಿ ಸುಡುತ್ತದೆ. ಹಳೆಯ ಕೆಲವು ಚಾರ್ಜರುಗಳ ಪಕ್ಕದಲ್ಲಿ 115/230 ಎಂದು ಬರೆದ ಕೆಂಪು ಸ್ಲೈಡ್ ಸ್ವಿಚ್ ಇರುತ್ತದೆ. ಅದು ತಾನಾಗಿ ಬದಲಾಗುವುದಿಲ್ಲ, ಪ್ಲಗ್ ಹಾಕುವ ಮೊದಲು ನೀವೇ ಸರಿಸಬೇಕು. ಟ್ರಾವೆಲ್ ಅಡಾಪ್ಟರ್ ಪಿನ್ನಿನ ಆಕಾರ ಬದಲಿಸುತ್ತದೆಯೇ ಹೊರತು ವೋಲ್ಟೇಜ್ ಬದಲಿಸುವುದಿಲ್ಲ. ಅಂಗಡಿಯವರು ಎಷ್ಟೇ ‘ಯೂನಿವರ್ಸಲ್’ ಎಂದರೂ ಇದನ್ನು ನೆನಪಿಡಿ.

ಚಾರ್ಜರ್ ಒಂದೇ ವೋಲ್ಟೇಜಿನದಾಗಿದ್ದರೆ ಟ್ರಾನ್ಸ್‌ಫಾರ್ಮರ್ ಹೊತ್ತುಕೊಂಡು ಹೋಗುವ ಯೋಚನೆ ಬಿಡಿ. ಅದು ಭಾರ, ಬಿಸಿಯಾಗುತ್ತದೆ, ಹಡಗಿನ ತಪಾಸಣೆಯಲ್ಲಿ ತೆಗೆದಿಡುವ ಸಾಧ್ಯತೆಯೂ ಹೆಚ್ಚು. 100–240 ವೋಲ್ಟಿನ ಹೊಸ ಚಾರ್ಜರ್ ಕೊಳ್ಳುವುದೇ ಸರಿ. ಕೊಳ್ಳುವಾಗ ಮೂರು ಸಂಗತಿ ಹೊಂದಬೇಕು. ಔಟ್‌ಪುಟ್ 24 ವೋಲ್ಟ್ ಇರಬೇಕು (ಸ್ಕೂಟರುಗಳಲ್ಲಿ ಹೆಚ್ಚಿನವು 24 ವೋಲ್ಟಿನವು, ಆದರೂ ನಿಮ್ಮ ಗಾಡಿಯ ಕೈಪಿಡಿ ನೋಡಿ). ಬ್ಯಾಟರಿಯ ಜಾತಿ ಹೊಂದಬೇಕು: ಸೀಲ್ ಮಾಡಿದ ಲೆಡ್-ಆಸಿಡ್ ಬ್ಯಾಟರಿಗೆ ಮಾಡಿದ ಚಾರ್ಜರನ್ನು ಲಿಥಿಯಂಗೆ ಹಾಕಬಾರದು, ಲಿಥಿಯಂನದನ್ನು ಲೆಡ್-ಆಸಿಡ್‌ಗೂ ಹಾಕಬಾರದು. ಕನೆಕ್ಟರ್ ಹೊಂದಬೇಕು: ಹೆಚ್ಚಿನ ಗಾಡಿಗಳಲ್ಲಿ ಮೈಕಿನ ವೈರಿಗೆ ಇರುವಂಥ ಮೂರು ಪಿನ್ನಿನ ಗುಂಡು ಕನೆಕ್ಟರ್ ಇರುತ್ತದೆ. ಅದರಲ್ಲಿ ಎರಡು ಪಿನ್ ಕರೆಂಟಿಗೆ. ಮೂರನೆಯದು ಚಾರ್ಜರ್ ಸಿಕ್ಕಿಸಿದೆ ಎಂದು ಗಾಡಿಗೆ ತಿಳಿಸಿ ಅದು ಚಲಿಸದಂತೆ ತಡೆಯುತ್ತದೆ. ತಳ್ಳಿ ಸಿಕ್ಕಿಸುವಾಗ ಪಿನ್ ಬಾಗಿದರೆ ಚಾರ್ಜ್ ನಿಲ್ಲುತ್ತದೆ. ಹಡಗಿನಲ್ಲಿ ‘ಚಾರ್ಜರ್ ಕೆಟ್ಟಿತು’ ಎನ್ನುವ ಮೊದಲು ಟಾರ್ಚ್ ಹಿಡಿದು ಈ ಪಿನ್ನುಗಳನ್ನು ನೋಡಿ.

ಅಡಾಪ್ಟರಿಗಿಂತ ಒಳ್ಳೆಯ ದಾರಿ ಇನ್ನೊಂದಿದೆ. ಬಹಳ ಚಾರ್ಜರುಗಳಲ್ಲಿ ಗೋಡೆಗೆ ಹೋಗುವ ಕೇಬಲ್ಲನ್ನು ಬಿಚ್ಚಿ ತೆಗೆಯಬಹುದು. ಡೆಸ್ಕ್‌ಟಾಪ್ ಕಂಪ್ಯೂಟರಿಗೆ ಹಾಕುವ ಪವರ್ ಕೇಬಲ್ಲೇ ಅದಕ್ಕೂ ಆಗುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಅಮೆರಿಕದ ಪ್ಲಗ್ ಇರುವ ಒಂದು ಕೇಬಲ್, ಯುರೋಪಿನ ಪ್ಲಗ್ ಇರುವ ಒಂದು ಕೇಬಲ್ ಹುಡುಕಿ ತೆಗೆದುಕೊಂಡರೆ ಅಡಾಪ್ಟರಿನ ಗೊಡವೆಯೇ ಇಲ್ಲ. ಅಡಾಪ್ಟರಿನ ಮೇಲೆ ಭಾರದ ಪ್ಲಗ್ ತೂಗುತ್ತಿದ್ದರೆ ಹಡಗು ಓಲಾಡುವಾಗ ಸಡಿಲವಾಗಿ, ರಾತ್ರಿ ಎರಡು ಗಂಟೆಗೆ ಚಾರ್ಜ್ ನಿಂತಿರುತ್ತದೆ. ಚಾರ್ಜರ್ ಎರಡೂ ವೋಲ್ಟೇಜಿಗೆ ಆಗುವುದಾದರೆ ಯುರೋಪಿನ ಪಾಯಿಂಟನ್ನೇ ಸ್ಕೂಟರಿಗೆ ಮೀಸಲಿಡಿ. ಮೊಬೈಲ್, ಹಾಸಿಗೆಯ ಪಕ್ಕದ ದೀಪ, ಶ್ರವಣಯಂತ್ರಕ್ಕೆ ಅಮೆರಿಕದ್ದು ಉಳಿಯುತ್ತದೆ. ಬಚ್ಚಲಮನೆಯ ಕನ್ನಡಿಯ ಬಳಿ ‘ಶೇವರ್ ಮಾತ್ರ’ ಎಂದು ಬರೆದ ಪಾಯಿಂಟಿಗೆ ಮಾತ್ರ ಹಾಕಬೇಡಿ. ಅದರ ಹಿಂದಿರುವ ಪುಟ್ಟ ಟ್ರಾನ್ಸ್‌ಫಾರ್ಮರ್ ಕೆಲವೇ ವಾಟಿನ ಭಾರ ಹೊರುವಂಥದ್ದು. 2 ಆಂಪಿಯರಿನ ಸ್ಕೂಟರ್ ಚಾರ್ಜರ್ ಸುಮಾರು 70 ವಾಟ್, 5 ಆಂಪಿಯರಿನದು 170 ವಾಟಿನಷ್ಟು ಎಳೆಯುತ್ತದೆ.

ಪಾಯಿಂಟ್ ಮೇಜಿನ ಬಳಿ, ಸ್ಕೂಟರ್ ಬಾಗಿಲ ಬಳಿ. ವೈರು ಸಾಲದು. ಆಗ ನಮ್ಮವರು ಮಾಡುವುದು ಮನೆಯಿಂದ ತಂದ ಎಕ್ಸ್‌ಟೆನ್ಷನ್ ಬೋರ್ಡನ್ನೋ ಸ್ಪೈಕ್ ಬಸ್ಟರನ್ನೋ ಹೊರತೆಗೆಯುವುದು. ಹಡಗು ಹತ್ತುವಾಗಲೇ ಇವನ್ನು ತೆಗೆದಿಡುತ್ತಾರೆ, ಇಳಿಯುವಾಗ ವಾಪಸು ಕೊಡುತ್ತಾರೆ. ಸಿಬ್ಬಂದಿಯ ಮೇಲೆ ಸಿಟ್ಟಾಗುವವರು ಕಾರಣ ತಿಳಿದುಕೊಳ್ಳಬೇಕು, ಏಕೆಂದರೆ ಇದು ಬೆಂಕಿಯ ವಿಷಯ.

ಮನೆಯಲ್ಲಿ ಒಂದು ತಂತಿ ಫೇಸ್, ಇನ್ನೊಂದು ನ್ಯೂಟ್ರಲ್. ನ್ಯೂಟ್ರಲ್ಲನ್ನು ಭೂಮಿಗೆ ಸೇರಿಸಿರುತ್ತಾರೆ. ಹಡಗಿನಲ್ಲಿ ಸಾಮಾನ್ಯವಾಗಿ ಎರಡು ತಂತಿಗಳಲ್ಲಿ ಒಂದನ್ನೂ ಉಕ್ಕಿನ ಒಡಲಿಗೆ ಸೇರಿಸಿರುವುದಿಲ್ಲ. ಎಲ್ಲೋ ಒಂದು ಕಡೆ ತಂತಿ ಒಡಲಿಗೆ ತಾಗಿದರೂ ನಡುಗಡಲಿನಲ್ಲಿ ವಿದ್ಯುತ್ ನಿಲ್ಲದಿರಲಿ ಎಂಬುದು ಅದರ ಉದ್ದೇಶ. ಹೀಗಾಗಿ ಒಡಲಿಗೆ ಹೋಲಿಸಿದರೆ ಎರಡು ತಂತಿಗಳಲ್ಲೂ ವೋಲ್ಟೇಜ್ ಇರುತ್ತದೆ. ಸ್ಪೈಕ್ ಬಸ್ಟರಿನ ಒಳಗೆ ತಂತಿಗೂ ಅರ್ಥಿಂಗಿಗೂ ನಡುವೆ ವ್ಯಾರಿಸ್ಟರ್ ಎಂಬ ಪುಟ್ಟ ಬಿಲ್ಲೆ ಇರುತ್ತದೆ. ಹಡಗಿನ ಇನ್ನೆಲ್ಲೋ ಒಂದು ತಂತಿ ಒಡಲಿಗೆ ತಾಗಿದಾಗ ಈ ಬಿಲ್ಲೆಯ ಮೇಲೆ ಅದು ತಾಳಬೇಕಾದ್ದಕ್ಕಿಂತ ಹೆಚ್ಚು ವೋಲ್ಟೇಜ್ ಬೀಳುತ್ತದೆ. ಅದು ವಿಪರೀತ ಬಿಸಿಯಾಗುತ್ತದೆ, ಸುತ್ತಲಿನ ಪ್ಲಾಸ್ಟಿಕ್ ಕರಗಿ ಹೊತ್ತಿಕೊಳ್ಳುತ್ತದೆ. ಬೋರ್ಡಿನ ಸ್ವಿಚ್ ಆರಿಸಿದರೂ ಕಡಿಯುವುದು ಒಂದೇ ತಂತಿಯನ್ನು, ಇನ್ನೊಂದರಲ್ಲಿ ವಿದ್ಯುತ್ ಇದ್ದೇ ಇರುತ್ತದೆ. ಅಮೆರಿಕದ ಕರಾವಳಿ ರಕ್ಷಣಾ ಪಡೆ 2013ರಲ್ಲಿ ಇದೇ ವಿಷಯವಾಗಿ ಸುರಕ್ಷತಾ ಎಚ್ಚರಿಕೆ ಹೊರಡಿಸಿತು. ಸ್ಪೈಕ್ ಬಸ್ಟರನ್ನು ಬಟ್ಟೆಯ ನಡುವೆ ಮುಚ್ಚಿಟ್ಟು ಒಯ್ಯುವುದು ಜಾಣತನವಲ್ಲ, ಸಾವಿರಾರು ಜನರನ್ನು ಅಪಾಯಕ್ಕೆ ದೂಡುವ ಕೆಲಸ.

ಹಾಗಾದರೆ ವೈರು ಉದ್ದವಾಗಬೇಕಾದರೆ? ಹಡಗಿನ ಕಂಪನಿಯಲ್ಲಿ ಅಂಗವಿಕಲ ಪ್ರಯಾಣಿಕರ ಅಗತ್ಯ ನೋಡಿಕೊಳ್ಳುವ ವಿಭಾಗ ಇರುತ್ತದೆ. ಟಿಕೆಟ್ ಮಾಡಿದ ವಾರದಲ್ಲೇ ಅದಕ್ಕೆ ಬರೆದು, ಸ್ಕೂಟರ್ ಚಾರ್ಜಿಗೆ ಹಡಗಿನದೇ ಎಕ್ಸ್‌ಟೆನ್ಷನ್ ವೈರು ಕ್ಯಾಬಿನ್ನಿನಲ್ಲಿ ಇಡುವಂತೆ ಕೇಳಬೇಕು. ಕಂಪನಿಗಳು ತಮ್ಮಲ್ಲಿ ಒಪ್ಪಿದ ವೈರನ್ನು ಹೀಗೆ ಕೊಡುತ್ತವೆ. ಉತ್ತರ ಬರಹದಲ್ಲಿ ಬರಲಿ, ಅದರ ಪ್ರತಿ ಕೈಚೀಲದಲ್ಲಿರಲಿ. ಇನ್ನೊಂದು ದಾರಿ ಗಾಡಿಯಲ್ಲೇ ಇದೆ: ಪ್ರವಾಸಕ್ಕೆಂದು ಮಾಡಿದ ಬಿಚ್ಚಿಡುವ ಸ್ಕೂಟರುಗಳಲ್ಲಿ ಹಲವಕ್ಕೆ ಬ್ಯಾಟರಿಯ ಪೆಟ್ಟಿಗೆಯ ಮೇಲೆಯೇ ಚಾರ್ಜಿಂಗ್ ರಂಧ್ರ ಇರುತ್ತದೆ. ಪೆಟ್ಟಿಗೆಯನ್ನು ಎತ್ತಿ ಮೇಜಿನ ಪಕ್ಕ ನೆಲದ ಮೇಲಿಟ್ಟು ಚಾರ್ಜ್ ಮಾಡಿದರೆ ವೈರಿನ ಚಿಂತೆಯಿಲ್ಲ. ಲೆಡ್-ಆಸಿಡ್ ಪೆಟ್ಟಿಗೆ 9–10 ಕೆ.ಜಿ. ಇರಬಹುದು, ಎತ್ತುವವರು ಯಾರೆಂದು ಮೊದಲೇ ಯೋಚಿಸಿ.

ಸ್ಕೂಟರನ್ನು ಕಾರಿಡಾರಿನಲ್ಲಿ ನಿಲ್ಲಿಸಿ ಚಾರ್ಜ್ ಮಾಡಲು ಬಿಡುವುದಿಲ್ಲ. ಅದು ಅವಘಡದ ಹೊತ್ತಿನಲ್ಲಿ ಜನ ಓಡುವ ದಾರಿ. ಗಾಡಿ ಕ್ಯಾಬಿನ್ನಿನೊಳಗೇ ಇರಬೇಕು, ಒಳಗೆ ಹೋಗಬೇಕಾದರೆ ಬಾಗಿಲು ಅಗಲವಿರಬೇಕು. ಸಾಮಾನ್ಯ ಕ್ಯಾಬಿನ್ನಿನ ಬಾಗಿಲು ಬಹುತೇಕ 22–23 ಅಂಗುಲ, ಅಂದರೆ 58 ಸೆಂ.ಮೀ. ಆಸುಪಾಸು, ಗಾಲಿಕುರ್ಚಿಗೆಂದು ಮಾಡಿದ ಕ್ಯಾಬಿನ್ನಿನದು ಸುಮಾರು 32 ಅಂಗುಲ. ಗಾಡಿಯ ಅತಿ ಅಗಲದ ಜಾಗ ಸಾಮಾನ್ಯವಾಗಿ ಹಿಂದಿನ ಚಕ್ರ ಅಥವಾ ಸೀಟಿನ ಕೈಗಳು. ಟೇಪು ಹಿಡಿದು ಅಳೆಯಿರಿ; ಕಾರಿಡಾರಿನಿಂದ ಬಾಗಿಲಿಗೆ ತಿರುಗಿಸುವ ಜಾಗವೂ ಬೇಕು ಎಂಬುದನ್ನು ಮರೆಯಬೇಡಿ. ಅಗಲ ಬಾಗಿಲಿನ ಕ್ಯಾಬಿನ್ನುಗಳು ಹಡಗಿಗೆ ಕೆಲವೇ, ಬೇಗ ತುಂಬಿಹೋಗುತ್ತವೆ. ಬಾಲ್ಕನಿಯಲ್ಲಿಟ್ಟು ಚಾರ್ಜ್ ಮಾಡುವುದೂ ಬೇಡ: ಉಪ್ಪು ತೇವ ಕನೆಕ್ಟರನ್ನು ತಿನ್ನುತ್ತದೆ, ಬಾಗಿಲ ಸಂದಿಯಲ್ಲಿ ವೈರು ಜಜ್ಜುತ್ತದೆ.

ಕೋಣೆಯಲ್ಲಿ ನಿಲ್ಲಿಸುವಾಗ ಒಂದು ಎಚ್ಚರ. ಗಾಡಿಯ ಹಿಂಬದಿಯಲ್ಲಿ ಮೋಟರನ್ನು ಚಕ್ರದಿಂದ ಬಿಡಿಸುವ ಸಣ್ಣ ಸನ್ನೆ (ಲಿವರ್) ಇರುತ್ತದೆ. ಕೈಯಲ್ಲಿ ತಳ್ಳಲು ಅನುಕೂಲವಾಗಲೆಂದು. ಹಡಗು ಹತ್ತುವ ಸೇತುವೆಯ ಮೇಲೆ ಸಿಬ್ಬಂದಿ ತಳ್ಳಿ ತಂದಾಗ ಇದನ್ನು ಬಿಡಿಸಿರುತ್ತಾರೆ, ಮರಳಿ ಹಾಕಲು ಮರೆಯುತ್ತಾರೆ. ಆಗ ಬ್ರೇಕ್ ಇರುವುದಿಲ್ಲ. ಅಲೆ ಜೋರಾದ ರಾತ್ರಿ ಗಾಡಿ ತಾನೇ ಉರುಳಿ ವೈರನ್ನು ಕೀಳುತ್ತದೆ, ಮಲಗಿದವರ ಕಾಲಿಗೂ ಬಡಿಯಬಹುದು. ಬೆಳಿಗ್ಗೆ ‘ಬ್ಯಾಟರಿ ತುಂಬಿದೆ, ಗಾಡಿ ಹೋಗುತ್ತಿಲ್ಲ’ ಎಂಬ ದೂರಿಗೂ ಮೊದಲ ಕಾರಣ ಇದೇ ಸನ್ನೆ.

ಇನ್ನು ಗಂಟೆಯ ಲೆಕ್ಕ. ದೊಡ್ಡ ಹಡಗು ಎಂದರೆ ಎಷ್ಟು ದೊಡ್ಡದು? ‘ಐಕಾನ್ ಆಫ್ ದಿ ಸೀಸ್’ 365 ಮೀಟರ್ ಉದ್ದವಿದೆ. ಹಿಂಬದಿಯ ಕ್ಯಾಬಿನ್ನಿನಿಂದ ಮುಂಬದಿಗೆ ದಿನಕ್ಕೆ ನಾಲ್ಕು ಬಾರಿ ಹೋಗಿ ಬಂದರೆ ಸುಮಾರು ಮೂರು ಕಿಲೋಮೀಟರ್ ಆಯಿತು, ಅದೂ ಮೋಟರಿಗೆ ಹೆಚ್ಚು ಭಾರವಾಗುವ ಮೆತ್ತನೆಯ ಕಾರ್ಪೆಟ್ಟಿನ ಮೇಲೆ. ಬಂದರಿನಲ್ಲಿ ಸುತ್ತಿದ್ದು ಬೇರೆ. ಆದ್ದರಿಂದ ಲೆಡ್-ಆಸಿಡ್ ಬ್ಯಾಟರಿಯಾದರೆ ಗೇಜು ಅರ್ಧ ತೋರಿಸುತ್ತಿದ್ದರೂ ಪ್ರತಿ ರಾತ್ರಿ ಪೂರ್ತಿ ಚಾರ್ಜ್ ಮಾಡಲೇಬೇಕು.

ಸಣ್ಣ ಸ್ಕೂಟರಿನಲ್ಲಿ 12 ವೋಲ್ಟ್, 12 ಆಂಪಿಯರ್-ಅವರಿನ (ಬ್ಯಾಟರಿ ಎಷ್ಟು ಕರೆಂಟ್ ಹಿಡಿದಿಡುತ್ತದೆ ಎಂಬ ಅಳತೆ) ಎರಡು ಬ್ಯಾಟರಿ ಇರುತ್ತವೆ. ಒಂದರ ಹಿಂದೊಂದು ಜೋಡಿಸಿರುವುದರಿಂದ ವೋಲ್ಟ್ 24 ಆಗುತ್ತದೆ, ಆಂಪಿಯರ್-ಅವರ್ 12 ಆಗಿಯೇ ಉಳಿಯುತ್ತದೆ. ಕಂಪ್ಯೂಟರಿನ ಯುಪಿಎಸ್‌ನಲ್ಲಿ ಇರುವ ಜಾತಿಯವೇ. ಶೇ 80 ಖಾಲಿಯಾದರೆ ತುಂಬಬೇಕಾದದ್ದು ಸುಮಾರು 10 ಆಂಪಿಯರ್-ಅವರ್. 2 ಆಂಪಿಯರಿನ ಚಾರ್ಜರಿಗೆ ಅದು 5 ಗಂಟೆ. ಅಲ್ಲಿಗೆ ಮುಗಿಯುವುದಿಲ್ಲ: ಕೊನೆಯ ಭಾಗದಲ್ಲಿ ಬ್ಯಾಟರಿ ನಿಧಾನವಾಗಿ ಹೀರುವುದರಿಂದ ಇನ್ನೂ 2–3 ಗಂಟೆ ಬೇಕು. ಒಟ್ಟು 8 ಗಂಟೆ. ರಾತ್ರಿ ಹತ್ತಕ್ಕೆ ಹಾಕಿದರೆ ಬೆಳಿಗ್ಗೆ ಆರಕ್ಕೆ ಸಿದ್ಧ. ಅದೇ 18 ಆಂಪಿಯರ್-ಅವರಿನ ಬ್ಯಾಟರಿಗೆ 2 ಆಂಪಿಯರಿನ ಚಾರ್ಜರ್ ಇದ್ದರೆ ಹತ್ತು ಗಂಟೆ ಬೇಕು. ಬೆಳಿಗ್ಗೆ ಏಳಕ್ಕೆ ದಡಕ್ಕಿಳಿಯುವ ದಿನ ಅದು ಅರೆಬರೆ ತುಂಬಿರುತ್ತದೆ. ದೊಡ್ಡ ಬ್ಯಾಟರಿ ಹಾಕಿಸಿಕೊಂಡು ಹಳೆಯ ಚಾರ್ಜರನ್ನೇ ಉಳಿಸಿಕೊಂಡವರ ಪಾಡು ಇದು. ಹೆಚ್ಚು ಆಂಪಿಯರಿನ ಚಾರ್ಜರ್ ಕೊಳ್ಳಬಹುದು, ಆದರೆ ಬ್ಯಾಟರಿಯ ಮೇಲೆ ಬರೆದಿರುವ ಗರಿಷ್ಠ ಚಾರ್ಜಿಂಗ್ ಕರೆಂಟ್ ಮೀರಬಾರದು. 12ರದಕ್ಕೆ ಅದು ಸಾಮಾನ್ಯವಾಗಿ 3.6 ಆಂಪಿಯರ್, 18ರದಕ್ಕೆ 5.4. ಹಡಗು ದಡ ಮುಟ್ಟದೆ ಸಾಗುವ ದಿನ ಮಧ್ಯಾಹ್ನ ಮಲಗುವ ಹೊತ್ತಿನಲ್ಲಿ ಎರಡು ಗಂಟೆ ಹಾಕಿಟ್ಟರೂ ಲಾಭವೇ. ಈ ಬ್ಯಾಟರಿಗಳನ್ನು ನಡುನಡುವೆ ತುಂಬಿಸುವುದರಿಂದ ಕೆಡುಕಿಲ್ಲ. ಕೆಡುಕಾಗುವುದು ಅರೆಬರೆ ಚಾರ್ಜಿನಲ್ಲೇ ದಿನಗಟ್ಟಲೆ ಬಿಟ್ಟಾಗ: ಒಳಗಿನ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಬ್ಯಾಟರಿಯ ಸಾಮರ್ಥ್ಯ ಕುಗ್ಗುತ್ತದೆ. ಚಾರ್ಜರಿನ ದೀಪ ಹಸಿರಾದ ಕೂಡಲೇ ಕೀಳದೆ ಇನ್ನೂ ಒಂದೆರಡು ಗಂಟೆ ಬಿಡಿ.

ಈ ಲೆಕ್ಕವನ್ನೆಲ್ಲ ಕೆಡಿಸುವ ಸಂಗತಿ ಬಾಗಿಲ ಬಳಿಯ ಕಾರ್ಡ್ ಸ್ವಿಚ್. ಅನೇಕ ಹಡಗುಗಳಲ್ಲಿ ಕೋಣೆಯ ಕಾರ್ಡನ್ನು ಗೋಡೆಯ ಗೂಡಿಗೆ ಸಿಕ್ಕಿಸಿದರೆ ಮಾತ್ರ ದೀಪ ಹತ್ತುತ್ತದೆ. ಕೆಲವು ಕಡೆ ಪ್ಲಗ್ ಪಾಯಿಂಟುಗಳೂ ಅದಕ್ಕೇ ಸೇರಿರುತ್ತವೆ. ಸ್ಕೂಟರನ್ನು ಚಾರ್ಜಿಗೆ ಹಾಕಿ ಮಗನ ತೋಳು ಹಿಡಿದು ಊಟಕ್ಕೆ ಹೋದರೆ, ಕಾರ್ಡ್ ತೆಗೆದ ಕೂಡಲೇ ಚಾರ್ಜೂ ನಿಂತಿರುತ್ತದೆ. ಮೊದಲ ದಿನವೇ ಚಾರ್ಜರ್ ಹಾಕಿ, ಕಾರ್ಡ್ ತೆಗೆದು, ಒಂದೆರಡು ನಿಮಿಷ ನಿಂತು ದೀಪ ಆರುತ್ತದೆಯೇ ನೋಡಿ. ಪ್ರತಿ ಪಾಯಿಂಟಿನಲ್ಲೂ ನೋಡಿ, ಕೆಲವು ಕ್ಯಾಬಿನ್ನುಗಳಲ್ಲಿ ಒಂದು ಆರಿದರೂ ಇನ್ನೊಂದು ಆರುವುದಿಲ್ಲ. ಹಾಸಿಗೆಯ ಹಿಂದೆ ಮರೆಯಲ್ಲಿ ಇನ್ನೊಂದು ಪಾಯಿಂಟ್ ಇರಬಹುದು. ಕೋಣೆ ನೋಡಿಕೊಳ್ಳುವ ಸಿಬ್ಬಂದಿಯನ್ನು ಕೇಳಿ.

ಲಿಥಿಯಂ ಬ್ಯಾಟರಿಯ ಮಡಿಸುವ ಸ್ಕೂಟರಾದರೆ ಚಾರ್ಜ್ ಬೇಗ ಆಗುತ್ತದೆ, ತೂಕ ಕಡಿಮೆ. ಆದರೆ ಯಾರೂ ಇಲ್ಲದಾಗ ಚಾರ್ಜಿಗೆ ಹಾಕಿ ಹೋಗಬಾರದು. ಹಾಸಿಗೆಯಡಿ, ಪರದೆಯ ಪಕ್ಕ ಇಡಬಾರದು. ಗಾಡಿಯ ಜತೆ ಬಂದ ಚಾರ್ಜರನ್ನೇ ಬಳಸಬೇಕು. ಬಿದ್ದು ಉಬ್ಬಿದ ಅಥವಾ ಮೈ ಒಡೆದ ಬ್ಯಾಟರಿಯನ್ನು ಚಾರ್ಜ್ ಮಾಡದೆ ಸಿಬ್ಬಂದಿಗೆ ತಿಳಿಸಬೇಕು. ಹಡಗಿಗೆ ಮೊದಲು ವಿಮಾನ ಇರುವುದರಿಂದ ಅಲ್ಲಿನ ನಿಯಮವೂ ಗೊತ್ತಿರಲಿ. ತೆಗೆಯಬಹುದಾದ ಲಿಥಿಯಂ ಬ್ಯಾಟರಿ ಒಂದಿದ್ದರೆ 300 ವಾಟ್-ಅವರ್, ಎರಡಿದ್ದರೆ ತಲಾ 160 ವಾಟ್-ಅವರ್ ಮೀರಬಾರದು. ತೆಗೆದು, ತುದಿಗಳು ಒಂದಕ್ಕೊಂದು ತಾಗದಂತೆ ಮುಚ್ಚಿ, ವಿಮಾನದೊಳಗೆ ನಿಮ್ಮ ಜತೆಯಲ್ಲೇ ಒಯ್ಯಬೇಕು. ವೋಲ್ಟನ್ನು ಆಂಪಿಯರ್-ಅವರಿನಿಂದ ಗುಣಿಸಿದರೆ ವಾಟ್-ಅವರ್: 24 ವೋಲ್ಟ್, 10 ಆಂಪಿಯರ್-ಅವರ್ ಎಂದರೆ 240. ಸೋರದ ಲೆಡ್-ಆಸಿಡ್ ಬ್ಯಾಟರಿಗೆ ಈ ಮಿತಿ ಇಲ್ಲ, ಅದು ಗಾಡಿಯಲ್ಲೇ ಭದ್ರವಾಗಿದ್ದರೆ ಸರಕಿನ ಕೋಣೆಗೆ ಹೋಗುತ್ತದೆ. ಎರಡಕ್ಕೂ ವಿಮಾನ ಕಂಪನಿಯ ಒಪ್ಪಿಗೆ ಮೊದಲೇ ಬೇಕು.

ಇಲ್ಲಿಂದ ಗಾಡಿ ಒಯ್ಯುವುದೇ ಬೇಡವೆನ್ನುವವರಿಗೆ ಅಮೆರಿಕದ ಬಂದರುಗಳಲ್ಲಿ ಸ್ಕೂಟರನ್ನು ಬಾಡಿಗೆಗೆ ಕೊಟ್ಟು ನೇರವಾಗಿ ಕ್ಯಾಬಿನ್ನಿಗೇ ತಲುಪಿಸುವ ಸಂಸ್ಥೆಗಳಿವೆ. ಸ್ಕೂಟರೌಂಡ್, ಸ್ಪೆಷಲ್ ನೀಡ್ಸ್ ಅಟ್ ಸೀ ಅಂಥವು. ಹತ್ತಿದ ಕೂಡಲೇ ಚಾರ್ಜರ್ ಇದೆಯೇ, ಕೀಲಿ ಇದೆಯೇ, ಗೇಜು ಪೂರ್ತಿ ತೋರಿಸುತ್ತದೆಯೇ ನೋಡಿಕೊಳ್ಳಿ. ಗೇಜನ್ನು ಗಾಡಿ ಓಡುತ್ತಿರುವಾಗ ನೋಡಬೇಕು. ನಿಂತಾಗ ಹಸಿರು, ಏರು ಹತ್ತುವಾಗ ಕೆಂಪಿಗೆ ಕುಸಿದರೆ ಆ ಬ್ಯಾಟರಿ ಮುದಿಯಾಗಿದೆ, ಹಡಗು ಹೊರಡುವ ಮೊದಲೇ ಬದಲಿ ಕೇಳಿ. ಹಡಗು ದಡಕ್ಕೆ ತಾಗದೆ ಸಣ್ಣ ದೋಣಿಯಲ್ಲಿ ಇಳಿಸುವ ಗ್ರ್ಯಾಂಡ್ ಕೇಮನ್, ಬೆಲೀಜ್ ಸಿಟಿಯಂಥ ಬಂದರುಗಳಲ್ಲಿ ಭಾರದ ಸ್ಕೂಟರನ್ನು ದೋಣಿಗೆ ಹತ್ತಿಸದಿರಬಹುದು. ಅಂಥ ದಿನಕ್ಕೆ ಎಂದು ಚಾರ್ಜ್ ಉಳಿಸಿಕೊಂಡು ಕೂರುವುದರಲ್ಲಿ ಅರ್ಥವಿಲ್ಲ, ವಿಚಾರಿಸಿಕೊಂಡೇ ಹೊರಡಿ.

ಚಾರ್ಜೇ ಆಗುತ್ತಿಲ್ಲ ಎಂದಾದರೆ ಪಾಯಿಂಟಿನಿಂದ ಶುರುಮಾಡಿ. ಅದೇ ಪಾಯಿಂಟಿಗೆ ಮೊಬೈಲ್ ಹಾಕಿ ಕರೆಂಟ್ ಇದೆಯೇ ನೋಡಿ. ಇದ್ದರೆ ಚಾರ್ಜರಿನ ಎರಡೂ ತುದಿಯ ಕೇಬಲ್ ಒತ್ತಿ ಕೂರಿಸಿ. ಆಮೇಲೆ ಬ್ಯಾಟರಿ ಪೆಟ್ಟಿಗೆಯ ಮೇಲಿನ ರೀಸೆಟ್ ಗುಂಡಿ ಹೊರಗೆ ಚಿಮ್ಮಿದೆಯೇ ನೋಡಿ ಒತ್ತಿ. ಮತ್ತೆ ಮತ್ತೆ ಚಿಮ್ಮಿದರೆ ಒತ್ತುವುದನ್ನು ನಿಲ್ಲಿಸಿ, ಒಳಗೆ ಶಾರ್ಟ್ ಇದೆ. ಪೂರ್ತಿ ಬತ್ತಿದ ಬ್ಯಾಟರಿಯನ್ನು ಕೆಲವು ಚಾರ್ಜರುಗಳು ಗುರುತಿಸುವುದೇ ಇಲ್ಲ. ಮನೆಯಲ್ಲಿ ತಿಂಗಳುಗಟ್ಟಲೆ ಮೂಲೆಯಲ್ಲಿದ್ದ ಗಾಡಿಯನ್ನು ಹೊರಡುವ ಹಿಂದಿನ ದಿನ ತೆಗೆಯುವವರಿಗೆ ಹೀಗಾಗುವುದು ಹೆಚ್ಚು. ಎರಡು ವಾರ ಮೊದಲೇ ಪೂರ್ತಿ ಚಾರ್ಜ್ ಮಾಡಿ, ಕೂತು, ಬಡಾವಣೆಯ ರಸ್ತೆಯಲ್ಲಿ ಮೂರು ನಾಲ್ಕು ಕಿಲೋಮೀಟರ್ ಓಡಿಸಿ ನೋಡಿ. ಆಗ ಬ್ಯಾಟರಿ ಬದಲಿಸಲು ಸಮಯವಿರುತ್ತದೆ.

ನಮ್ಮ ರಾಜ್ಯದ ಟ್ರಾವೆಲ್ ಏಜೆಂಟರಲ್ಲಿ ಒಂದು ಕೋರಿಕೆ. ಹಿರಿಯರಿಗೆ ಹಡಗಿನ ಟಿಕೆಟ್ ಮಾಡುವಾಗ ‘ಗಾಲಿಕುರ್ಚಿ ಬೇಕೇ’ ಎಂದು ಕೇಳಿ ಒಂದು ಗುರುತು ಹಾಕಿದರೆ ಸಾಲದು. ಗಾಡಿಯ ಅಗಲ, ಉದ್ದ, ತೂಕ, ಬ್ಯಾಟರಿಯ ಜಾತಿ, ಚಾರ್ಜರಿನ ವೋಲ್ಟೇಜ್ ಕೇಳಿ ಬರೆದು ಕಂಪನಿಗೆ ಕಳಿಸಿ. ಪ್ಲಗ್ ಯಾವ ಬಗೆಯದು, ಕಾರ್ಡ್ ತೆಗೆದಾಗ ಕರೆಂಟ್ ಉಳಿಯುತ್ತದೆಯೇ, ಎಕ್ಸ್‌ಟೆನ್ಷನ್ ವೈರು ಕೊಡುತ್ತಾರೆಯೇ ಎಂದು ಕೇಳಿ ಉತ್ತರ ತರಿಸಿ. ಅಮೆರಿಕದ ಬಂದರಿಗೆ ಬರುವ ವಿದೇಶಿ ಧ್ವಜದ ವಿಹಾರ ಹಡಗುಗಳಿಗೂ ಆ ದೇಶದ ಅಂಗವಿಕಲರ ಕಾಯ್ದೆ ಅನ್ವಯಿಸುತ್ತದೆಂದು ಅಲ್ಲಿನ ಸುಪ್ರೀಂ ಕೋರ್ಟ್ 2005ರಲ್ಲೇ ಹೇಳಿದೆ, ಕೇಳುವುದಕ್ಕೆ ಸಂಕೋಚಪಡಬೇಕಿಲ್ಲ. ಮುಂಬೈ, ಚೆನ್ನೈ, ಕೊಚ್ಚಿಯಿಂದ ಹೊರಡುವ ಹಡಗುಗಳ ವಿಷಯದಲ್ಲೂ ಇವೇ ಪ್ರಶ್ನೆಗಳನ್ನು ಕೇಳಿ. ಏಜೆಂಟರು ಕೇಳುತ್ತಾ ಹೋದಷ್ಟೂ ಕಂಪನಿಗಳು ಉತ್ತರವನ್ನು ತಮ್ಮ ಕರಪತ್ರದಲ್ಲೇ ಅಚ್ಚುಹಾಕುವಂತಾಗುತ್ತದೆ.

ಕೊನೆಗೆ, ಚಾರ್ಜರ್ ಯಾವತ್ತೂ ಕೈಚೀಲದಲ್ಲಿರಲಿ. ಹತ್ತುವ ದಿನ ದೊಡ್ಡ ಪೆಟ್ಟಿಗೆಗಳು ಕ್ಯಾಬಿನ್ನಿಗೆ ತಲುಪುವುದು ಸಂಜೆಯೋ ರಾತ್ರಿಯೋ. ಇಳಿಯುವ ಹಿಂದಿನ ರಾತ್ರಿ ಪೆಟ್ಟಿಗೆಗಳನ್ನು ಕೋಣೆಯ ಹೊರಗಿಡಲು ಹೇಳುತ್ತಾರೆ, ಅವು ಮತ್ತೆ ಸಿಗುವುದು ಬೆಳಿಗ್ಗೆ ದಡದಲ್ಲಿ. ಆ ಅವಸರದಲ್ಲಿ ಚಾರ್ಜರನ್ನೂ ಪೆಟ್ಟಿಗೆಗೆ ತುಂಬಿದರೆ ಕಸ್ಟಮ್ಸ್ ಸಾಲಿನಲ್ಲಿ, ವಿಮಾನ ನಿಲ್ದಾಣದಲ್ಲಿ ಗಂಟೆಗಟ್ಟಲೆ ಓಡಬೇಕಾದ ದಿನವೇ ಬ್ಯಾಟರಿ ಖಾಲಿ ಇರುತ್ತದೆ. ಪೆಟ್ಟಿಗೆ ಹೊರಗಿಟ್ಟ ಮೇಲೆ ಸ್ಕೂಟರನ್ನು ಚಾರ್ಜಿಗೆ ಹಾಕಿ, ಬೆಳಿಗ್ಗೆ ಕಿತ್ತು, ಕೇಬಲ್ ಸುತ್ತಿ ಸೀಟಿನ ಹಿಂದಿನ ಚೀಲಕ್ಕೆ ಹಾಕಿಕೊಂಡು ಇಳಿಯಿರಿ.

— ಬ್ಯಾಟರಿ ಗಾಡಿಗಳ ದುರಸ್ತಿ ವೃತ್ತಿಯಲ್ಲಿರುವವರು, ಬೆಂಗಳೂರು